ಉಜ್ಜಿದರೆ ಮೊದಲು ಮುಳುಗುವುದು ದೋಣಿ

ಪ್ರಶ್ನೆ: ವೆನಿಸ್‌ನ ದೊಡ್ಡ ಕಾಲುವೆಯನ್ನು ತೋರಿಸುವ ಹಳೆಯ ತೈಲಚಿತ್ರ ನಮ್ಮ ಮನೆಯಲ್ಲಿದೆ. ಆಕಾಶ ಹಳದಿಗಟ್ಟಿದೆ, ನೀರು ಕಂದಾಗಿದೆ. ಹೆಚ್ಚಿದ ಈರುಳ್ಳಿಯಿಂದ ಉಜ್ಜಿದರೆ ಹೊಳಪು ಬರುತ್ತದೆಯಂತೆ, ಹೌದೇ?

ಉತ್ತರ: ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಈರುಳ್ಳಿ ವೈದ್ಯರು ಸುಮ್ಮನಾಗುತ್ತಿಲ್ಲ.

ಹಳದಿಯಾಗಿರುವುದು ಆಕಾಶವಲ್ಲ, ಸಾಮಾನ್ಯವಾಗಿ ಅದರ ಮೇಲಿನ ವಾರ್ನಿಷ್. ಮರದ ರಾಳದ ವಾರ್ನಿಷ್ ವರ್ಷ ಕಳೆದಂತೆ ಹಳದಿಗಟ್ಟಿ, ಅಡಿಯ ನೀಲಿಯನ್ನು ಹಸಿರಾಗಿ ಕಾಣಿಸುತ್ತದೆ. ಅದನ್ನು ಕರಗಿಸುವ ಶಕ್ತಿ ಈರುಳ್ಳಿಗಿಲ್ಲ. ಉಜ್ಜಿದಾಗ ಕಾಣುವುದು ಬರಿಯ ಒದ್ದೆಯ ಹೊಳಪು. ಒಣಗಿದ ಮೇಲೆ ಉಳಿಯುವ ರಸದ ಸಕ್ಕರೆ ಬೂಷ್ಟಿಗೆ ಆಹಾರ. ತೇವವು ಬಿರುಕುಗಳಲ್ಲಿ ಇಳಿದು ಕ್ಯಾನ್ವಾಸಿಗೆ ಹಚ್ಚಿದ ಅಂಟನ್ನು ಉಬ್ಬಿಸುತ್ತದೆ, ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಆಲೂಗಡ್ಡೆಗೂ ಸೋಪಿನ ನೀರಿಗೂ ಇದೇ ಮಾತು.

ಇಂಥ ಚಿತ್ರಗಳಲ್ಲಿ ಮೊದಲು ಅಳಿಯುವುದು ದೋಣಿಗಳು. ವೆನಿಸ್‌ನ ನೋಟಗಳಿಗೆ ಹೆಸರಾದ ಅಲ್ಲಿನ ಚಿತ್ರಕಾರ ಕ್ಯಾನಲೆಟ್ಟೊ (1697–1768) ಮತ್ತು ಅವನ ಹಾದಿ ಹಿಡಿದವರು ಆಕಾಶ, ಕಟ್ಟಡ, ನೀರನ್ನು ಬರೆದು, ಅವು ಒಣಗಿದ ಮೇಲೆ ದೋಣಿಗಳನ್ನೂ ಜನರನ್ನೂ ತುಂಬುತ್ತಿದ್ದರು. ಅಂಬಿಗನ ಹುಟ್ಟು ಎಂದರೆ ತೆಳ್ಳನೆಯ ಒಂದು ಗೀರು. ಹಾಯಿಯ ಹಗ್ಗ ಅದಕ್ಕಿಂತ ಸಣ್ಣದು. ಅಲೆಗಳೋ, ಕುಂಚ ತಾಗಿಸಿ ಎತ್ತಿದ ಬಿಳಿಯ ಪುಟ್ಟ ಕೊಂಕುಗಳು. ಎಲ್ಲಕ್ಕಿಂತ ಮೇಲಿರುವುದರಿಂದ ಉಜ್ಜುವ ಕೈಗೆ ಮೊದಲು ಬಲಿಯಾಗುವುದು ಇವೇ. ಹೀಗೆ ಉಜ್ಜಿ ನನ್ನ ಬಳಿ ತಂದ ಒಂದು ಚಿತ್ರದಲ್ಲಿ ಗೊಂಡೋಲಾ ಇತ್ತು, ಹಿಂತುದಿಯಲ್ಲಿ ಮುಂದಕ್ಕೆ ಬಾಗಿ ನಿಂತ ಅಂಬಿಗನಿದ್ದ. ಮುಂದೆ ಚಾಚಿದ ಅವನ ಕೈಗಳಲ್ಲಿ ಹುಟ್ಟು ಇರಲಿಲ್ಲ. ಅದನ್ನು ಮತ್ತೆ ಬರೆಯುವುದು ನನಗೆ ಕಷ್ಟವಲ್ಲ. ಆದರೆ ಅದು ನನ್ನ ಗೆರೆಯಾಗುತ್ತದೆ, ಆ ಕಲಾವಿದನದಲ್ಲ.

ಬಣ್ಣ ಎಲ್ಲಿಯಾದರೂ ಎದ್ದಿದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ. ಎದ್ದಿಲ್ಲವಾದರೆ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಿರಿ. ಎದ್ದಿದ್ದರೆ ಅದೂ ಬೇಡ, ಸಂರಕ್ಷಕರ ಬಳಿ ಒಯ್ಯಿರಿ. ಅತಿನೇರಳೆ ಬೆಳಕಿನಲ್ಲಿ ನೋಡದೆ, ಅಂಚಿನ ಚೂರು ಜಾಗದಲ್ಲಿ ಹತ್ತಿಯಿಂದ ಪರೀಕ್ಷಿಸದೆ, ‘ನಾಳೆಯೇ ಹೊಸದರಂತೆ ಮಾಡಿಕೊಡುತ್ತೇನೆ’ ಎನ್ನುವವರು ಸಿಕ್ಕರೆ ಚಿತ್ರವನ್ನು ಎತ್ತಿಕೊಂಡು ಹೊರಬನ್ನಿ. ಹಗ್ಗ, ಹುಟ್ಟುಗಳ ಸುತ್ತ ನಾನಂತೂ ತುಸು ಹಳದಿಯನ್ನು ಹಾಗೆಯೇ ಬಿಡುತ್ತೇನೆ. ಮಾಲೀಕರು ಗೊಣಗುತ್ತಾರೆ. ಗೊಣಗಲಿ.

ಪ್ರಶ್ನೆ: ಚೌಕಟ್ಟಿನ ಫಲಕದಲ್ಲಿ ಕ್ಯಾನಲೆಟ್ಟೊ ಎಂದಿದೆ. ಅಸಲಿಯೇ?

ಉತ್ತರ: ಫಲಕ ಚೌಕಟ್ಟಿನದು, ಚಿತ್ರದ್ದಲ್ಲ. 1735ರಲ್ಲಿ ಅಚ್ಚುಕೆತ್ತನೆಗಾರ ವಿಸೆಂಟಿನಿ ಕ್ಯಾನಲೆಟ್ಟೊನ ಚಿತ್ರಗಳನ್ನು ಅಚ್ಚುಗಳಾಗಿ ಹೊರತಂದ ಮೇಲೆ ಅವುಗಳನ್ನು ನೋಡಿ ನಕಲು ಬರೆದವರು ಬಹಳ ಮಂದಿ. ಮೊಬೈಲ್ ಫೋಟೊ ಕಳಿಸಿ ತೀರ್ಪು ಕೇಳಬೇಡಿ.

ಪ್ರಶ್ನೆ: ಚಿತ್ರದಲ್ಲಿ ಚಿನ್ನದ ಬಣ್ಣದ ದೊಡ್ಡ ನಾವೆಯಿದೆ. ಚಿತ್ರ ಎಷ್ಟು ಹಳೆಯದು?

ಉತ್ತರ: ಅದು ವೆನಿಸ್‌ನ ಅಧಿಪತಿ ಡೋಜ್‌ನ ಉತ್ಸವದ ನಾವೆ, ಬುಚಿಂತೊರೊ. 1798ರಲ್ಲಿ ಫ್ರೆಂಚರು ಅದರ ಚಿನ್ನದ ಕೆತ್ತನೆಗಳನ್ನು ಸುಟ್ಟರು. ಸುಟ್ಟ ಮೇಲೂ ಅದನ್ನು ಬರೆದವರಿದ್ದಾರೆ, ಹಾಗಾಗಿ ನಾವೆಯಿಂದ ವಯಸ್ಸು ತಿಳಿಯುವುದಿಲ್ಲ.

ಪ್ರಶ್ನೆ: ಎದುರಿನ ನೋಟವನ್ನು ಕಾಗದದ ಮೇಲೆ ಬೀಳಿಸುವ ಪೆಟ್ಟಿಗೆ, ಕ್ಯಾಮೆರಾ ಅಬ್ಸ್‌ಕ್ಯೂರಾ, ಇಟ್ಟು ಕ್ಯಾನಲೆಟ್ಟೊ ನಕಲಿಸಿದ್ದರಲ್ಲಿ ಏನು ಹೆಚ್ಚುಗಾರಿಕೆ?

ಉತ್ತರ: ನೋಟ ಚೆನ್ನಾಗಿ ಕೂಡಿಬರಲೆಂದು ಕಟ್ಟಡಗಳನ್ನೇ ಆಚೀಚೆ ಸರಿಸಿದವನು ಅವನು. ಯಂತ್ರ ಹಾಗೆ ಸರಿಸುವುದಿಲ್ಲ. ಅರಮನೆಗಳ ಬುಡದ ಪಾಚಿಯ ಗೆರೆಯನ್ನು ಮಾತ್ರ ಎಷ್ಟು ನಿಷ್ಠೆಯಿಂದ ಬರೆದನೆಂದರೆ, ಅವನ ಮತ್ತು ಸೋದರಳಿಯ ಬೆಲ್ಲೊಟ್ಟೊನ ಚಿತ್ರಗಳನ್ನು ಇಂದಿನ ಗೋಡೆಗಳೊಡನೆ ಹೋಲಿಸಿ, ಅಲ್ಲಿ ನೀರು ಸುಮಾರು 60 ಸೆಂಟಿಮೀಟರ್ ಏರಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬೆರಳಗಲವೂ ಇಲ್ಲದ ಹಸಿರು ಪಟ್ಟಿ ಅದು. ಈರುಳ್ಳಿ ಹಿಡಿದವರ ಕಣ್ಣಿಗೆ ಕೊಳೆಯಂತೆ ಕಾಣುತ್ತದೆ.