ಕಾಯಿಸುವುದಾದರೆ ಹೇಳಿ ಕಾಯಿಸಿ

ಆಸ್ಪತ್ರೆಯಲ್ಲಿ ಆಗುವ ಜಗಳಗಳ ಬಗ್ಗೆ ಬರೆದು ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಎರಡೂ ಕಡೆಯಿಂದ ಬಂದಿವೆ, ಸಿಸ್ಟರ್‌ಗಳಿಂದಲೂ, ರೋಗಿಗಳ ಮನೆಯವರಿಂದಲೂ. ಬೆಂಗಳೂರಿನ ವಾರ್ಡುಗಳಲ್ಲೇ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಯಾರ ಪತ್ರ ಓದಿದರೂ ಅವರು ಹೇಳುವುದರಲ್ಲಿ ಸತ್ಯ ಕಾಣುತ್ತದೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಯಶವಂತಪುರದ ಕಡೆ ಒಂದು ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನೈಟ್ ಡ್ಯೂಟಿ ಅಂದರೆ ಈಗ ಭಯ. ಒಬ್ಬ ರೋಗಿಯ ಜೊತೆ ಆರೇಳು ಜನ ಬರುತ್ತಾರೆ. ಸ್ವಲ್ಪ ಹೊತ್ತಾದರೆ ಸಾಕು, ಏಕವಚನ ಶುರು. "ದುಡ್ಡು ಕೊಡಲ್ವಾ ನಾವು? ಪುಕ್ಕಟೆ ನೋಡ್ತಿದೀಯಾ?" ಅನ್ನುತ್ತಾರೆ. ಮೊನ್ನೆ ಒಬ್ಬರು ಮುಖದ ಹತ್ತಿರ ಫೋನ್ ಹಿಡಿದು ವಿಡಿಯೋ ಮಾಡಿದರು. ಎದುರು ಮಾತಾಡಿದರೆ ನನ್ನ ಮೇಲೇ ಕಂಪ್ಲೇಂಟ್. ಸುಮ್ಮನಿದ್ದರೆ ಮನೆಗೆ ಹೋಗಿ ಅಳುತ್ತೇನೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಮೊದಲು ಒಂದು ಮಾತು ತಂಗಿ. ಬೈಸಿಕೊಳ್ಳುವುದು ನಿಮ್ಮ ಕೆಲಸ ಅಲ್ಲ. "ನರ್ಸ್ ಆದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಹಿರಿಯರು ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ಹೊರಗೆ ಬೆಂಚಿನ ಮೇಲೆ ಕೂತವರ ಕಡೆಯಿಂದ ನೋಡೋಣ. ಅಪ್ಪನಿಗೆ ಎದೆನೋವು. ಒಳಗೆ ಕರೆದುಕೊಂಡು ಹೋಗಿ ಪರದೆ ಎಳೆದಿದ್ದೀರಿ. ಅವರಿಗಿಂತ ಆಮೇಲೆ ಬಂದ ಇನ್ನೊಬ್ಬರ ಹತ್ತಿರ ಡಾಕ್ಟರ್ ಓಡಿ ಹೋದರು. ಯಾಕೆ ಅಂತ ನಿಮಗೆ ಗೊತ್ತು. ಎಮರ್ಜೆನ್ಸಿಯಲ್ಲಿ ಟೋಕನ್ ನಂಬರ್ ಪ್ರಕಾರ ನೋಡುವುದಿಲ್ಲ, ಕೆಂಪು ಹಳದಿ ಹಸಿರು ಅಂತ ವಿಂಗಡಿಸಿ, ಯಾರ ಜೀವಕ್ಕೆ ಅಪಾಯ ಜಾಸ್ತಿಯೋ ಅವರನ್ನು ಮೊದಲು ನೋಡುತ್ತಾರೆ. ಆದರೆ ಬೆಂಚಿನ ಮೇಲಿದ್ದವರಿಗೆ ಅದನ್ನು ಯಾರು ಹೇಳಿದ್ದಾರೆ? ಅವರ ಕಣ್ಣಿಗೆ ಕಾಣುವುದು ಇಷ್ಟೇ: ಆಮೇಲೆ ಬಂದವರಿಗೆ ಡಾಕ್ಟರ್ ಸಿಕ್ಕರು, ನಮ್ಮಪ್ಪನಿಗೆ ಸಿಗಲಿಲ್ಲ.

ಇನ್ನೊಂದು ಉದಾಹರಣೆ ನೋಡಿ. ಮೊದಲ ಇಸಿಜಿ ಸರಿಯಾಗಿದ್ದರೂ ಎದೆನೋವಿನವರಿಗೆ ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಮತ್ತೆ ಮಾಡಬೇಕಾಗಬಹುದು. ಹೃದಯಕ್ಕೆ ಪೆಟ್ಟಾಗಿದ್ದರೆ ಅದು ರಕ್ತದಲ್ಲಿ ಕಾಣಿಸಿಕೊಳ್ಳುವುದಕ್ಕೆ ಸಮಯ ಹಿಡಿಯುತ್ತದೆ. ಇದನ್ನು ಮೊದಲೇ ಹೇಳದೆ ರಾತ್ರಿ ಎರಡು ಗಂಟೆಗೆ ಮತ್ತೆ ಸೂಜಿ ಹಿಡಿದುಕೊಂಡು ಹೋದರೆ "ಬಿಲ್ ಏರಿಸೋಕೆ ಚುಚ್ತಿದಾರೆ" ಎಂದೇ ಅಂದುಕೊಳ್ಳುತ್ತಾರೆ. ಮೊದಲೇ ಹೇಳಿದ್ದರೆ ಅದೇ ಸೂಜಿ ನೋಡಿ "ಹೌದು, ಎರಡನೇ ಸಲ ಅಂದಿದ್ರಲ್ಲ" ಅನ್ನುತ್ತಾರೆ.

ಹಾಗಾಗಿ ಬಂದ ಕೂಡಲೇ ಕೇಳಿ, "ನಿಮ್ಮಲ್ಲಿ ನಾನು ಯಾರ ಹತ್ರ ಮಾತಾಡ್ಲಿ?" ಅವರ ಹೆಸರು, ಫೋನ್ ನಂಬರನ್ನು ಕೇಸ್ ಶೀಟ್ ಮೇಲೆ ಬರೆದುಕೊಳ್ಳಿ. ಏಳು ಜನಕ್ಕೆ ಏಳು ಸಲ ಹೇಳುವುದು ತಪ್ಪುತ್ತದೆ. ಆಮೇಲೆ ಗೊತ್ತಿರುವುದನ್ನು ಸರಳವಾಗಿ ಹೇಳಿ. "ಬಿಪಿ, ಪಲ್ಸ್, ಆಕ್ಸಿಜನ್ ಈಗ ಸರಿಯಾಗಿದೆ. ರಕ್ತ ಕಳಿಸಿದ್ದೀವಿ, ರಿಪೋರ್ಟ್ ಬರೋಕೆ ಸುಮಾರು ಒಂದು ಗಂಟೆ ಬೇಕು. ಒಳಗೆ ಒಬ್ಬರಿಗೆ ಉಸಿರಾಟ ತುಂಬ ಕಷ್ಟ ಆಗ್ತಿದೆ, ಡಾಕ್ಟರ್ ಅಲ್ಲಿದ್ದಾರೆ. ಅರ್ಧ ಗಂಟೆ ಬಿಟ್ಟು ನಾನೇ ಬಂದು ಹೇಳ್ತೀನಿ." ಅರ್ಧ ಗಂಟೆಗೆ ಹೋಗಿ. ಹೇಳುವುದಕ್ಕೆ ಏನೂ ಇಲ್ಲದಿದ್ದರೂ ಹೋಗಿ, "ಇನ್ನೂ ರಿಪೋರ್ಟ್ ಬಂದಿಲ್ಲ" ಅಂತಾದರೂ ಹೇಳಿ. ಕಾಯುವುದಕ್ಕಿಂತ ಏನಾಗುತ್ತಿದೆ ಗೊತ್ತಿಲ್ಲದೆ ಕಾಯುವುದು ಜಾಸ್ತಿ ಕಷ್ಟ.

ಭಾಷೆಯದೂ ಒಂದು ದೊಡ್ಡ ತೊಂದರೆ, ಬೆಂಗಳೂರಿನಲ್ಲಂತೂ. ಹಿಂದೂಪುರದಿಂದ ತೆಲುಗಿನವರು, ಹೊಸೂರಿನಿಂದ ತಮಿಳಿನವರು, ಊರಲ್ಲೇ ಇರುವ ಉರ್ದು ಮಾತಿನವರು, ಕಟ್ಟಡ ಕೆಲಸಕ್ಕೆ ಬಂದ ಹಿಂದಿಯವರು. ಕೇರಳದಿಂದ ಬಂದ ಸಿಸ್ಟರ್‌ಗಳು ಅಷ್ಟಿಷ್ಟು ಕನ್ನಡದಲ್ಲಿ "ಏನೂ ಕೊಡಬೇಡಿ" ಅಂದಿರುತ್ತಾರೆ, ಮನೆಯವರು ಅದನ್ನು ಊಟಕ್ಕೆ ಮಾತ್ರ ಅಂದುಕೊಂಡು ಆಪರೇಷನ್‌ಗೆ ಮುಂಚೆ ಕಾಫಿ ಕುಡಿಸಿರುತ್ತಾರೆ. ಆಮೇಲೆ ಆಪರೇಷನ್ ಮುಂದಕ್ಕೆ ಹೋಗಿ ಕೂಗಾಟ. ಇವತ್ತಿನ ಪಾಳಿಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಅಂತ ಒಂದು ಚೀಟಿ ನರ್ಸಿಂಗ್ ಸ್ಟೇಷನ್‌ನಲ್ಲಿ ಅಂಟಿಸಿ. ಆಯಾ, ಸೆಕ್ಯುರಿಟಿಯವರ ಹೆಸರೂ ಇರಲಿ. ಇನ್ನು ಕಲಬುರಗಿ, ರಾಯಚೂರು ಕಡೆಯವರ ಗಟ್ಟಿ ದನಿ ಕೇಳಿ ಇಲ್ಲಿಯವರು ಜಗಳ ಅಂದುಕೊಳ್ಳುವುದುಂಟು. ಅವರು "ಏನ್ರೀ" ಅಂತ ಮರ್ಯಾದೆಯಿಂದಲೇ ಕೇಳುತ್ತಿರುತ್ತಾರೆ.

ಇಷ್ಟೆಲ್ಲ ಮಾಡಿಯೂ ಕೆಲವರು ಏರಿ ಬರುತ್ತಾರೆ. ಆಗ ಎರಡು ಕೈ ಅಳತೆ ದೂರ ನಿಲ್ಲಿ. ಬಾಗಿಲು ನಿಮ್ಮ ಹಿಂದೆ ಇರಲಿ, ಆದರೆ ಅವರ ದಾರಿಗೂ ಅಡ್ಡ ನಿಲ್ಲಬೇಡಿ. ಕತ್ತರಿ ಇರುವ ಡ್ರೆಸ್ಸಿಂಗ್ ಟ್ರಾಲಿಯನ್ನು ದೂರ ತಳ್ಳಿ. "ಸಮಾಧಾನ ಮಾಡ್ಕೊಳಿ" ಅಂದರೆ ಕೋಪ ಇಳಿಯುವುದಿಲ್ಲ, ಏರುತ್ತದೆ. ಬದಲಿಗೆ ದನಿ ತಗ್ಗಿಸಿ, "ನಿಮಗೆ ಗಾಬರಿ ಆಗಿದೆ, ಗೊತ್ತಾಗ್ತಿದೆ. ಎಲ್ಲಾ ಹೇಳ್ತೀನಿ. ಬೈದ್ರೆ ಮಾತ್ರ ನಾನು ಹೋಗಿ ಇನ್‌ಚಾರ್ಜ್‌ನ ಕಳಿಸ್ತೀನಿ" ಅನ್ನಿ. ಮತ್ತೆ ಬೈದರೆ ಹೇಳಿದ ಹಾಗೇ ಹೋಗಿಬಿಡಿ. ವಿಡಿಯೋ ಮಾಡುವವರ ಫೋನ್‌ಗೆ ಕೈ ಹಾಕಬೇಡಿ. "ಪಕ್ಕದ ಬೆಡ್‌ನಲ್ಲಿ ಬೇರೆ ಪೇಷೆಂಟ್ ಇದ್ದಾರೆ, ಹೊರಗೆ ಬನ್ನಿ, ಮಾತಾಡೋಣ" ಎಂದರೆ ಸಾಕು.

ಕೈ ಮಾಡಿದರೆ, ಮಾಡುತ್ತೇನೆ ಎಂದು ಹೆದರಿಸಿದರೆ, 112ಕ್ಕೆ ಫೋನ್ ಮಾಡಿ. ಆರೋಗ್ಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವುದಕ್ಕೆ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾನೂನಿದೆ. ಅದು ಡಾಕ್ಟರುಗಳಿಗೆ ಮಾತ್ರ ಅಲ್ಲ, ನಿಮಗೂ, ನರ್ಸಿಂಗ್ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಹೊಡೆಯುವುದಷ್ಟೇ ಅಲ್ಲ, ಬೆದರಿಸುವುದು, ಕೆಲಸಕ್ಕೆ ಅಡ್ಡಿ ಮಾಡುವುದೂ ಅದರಲ್ಲಿ ಬರುತ್ತದೆ. ಜಾಮೀನುರಹಿತ ಅಪರಾಧ. ಉಪಕರಣ ಒಡೆದರೆ ಅದರ ಬೆಲೆಯ ಎರಡರಷ್ಟು ಕಟ್ಟಬೇಕು. ಅದೇ ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಯಾರು, ಯಾವ ಮಾತು ಆಡಿದರು, ಯಾರು ನೋಡಿದರು. ಬೈಗುಳ ಕೆಟ್ಟದಾಗಿದ್ದರೂ ಇದ್ದ ಹಾಗೇ ಬರೆಯಿರಿ.

ನಿಮ್ಮ ಮ್ಯಾನೇಜ್‌ಮೆಂಟ್‌ಗೂ ಒಂದು ಮಾತು ಹೇಳಬೇಕು. ಈ ಕಾನೂನಿನ ಬೋರ್ಡ್ ದೊಡ್ಡದಾಗಿ ಹಾಕಿ, ಕೂರುವುದಕ್ಕೆ ಸರಿಯಾದ ಕುರ್ಚಿ ಹಾಕದ ಆಸ್ಪತ್ರೆಗಳು ಬೇಕಾದಷ್ಟಿವೆ. ಕುರ್ಚಿ, ಕುಡಿಯುವ ನೀರು, ಪ್ರತಿ ಪಾಳಿಗೂ ಮನೆಯವರ ಹತ್ತಿರ ಮಾತಾಡುವುದಕ್ಕೇ ಅಂತ ಒಬ್ಬರು. ಇದಕ್ಕೆ ಖರ್ಚು ಮಾಡಲಿ. ನಡುರಾತ್ರಿ ಆರೇಳು ಜನರ ಎದುರು ಒಬ್ಬಳೇ ಹುಡುಗಿಯನ್ನು ನಿಲ್ಲಿಸುವುದು ತಪ್ಪು, ಇದರಲ್ಲಿ ಎರಡು ಮಾತಿಲ್ಲ.

ಪ್ರಶ್ನೆ: ನನ್ನ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಆಪರೇಷನ್ ಆಯಿತು. ಮೂರನೇ ರಾತ್ರಿ ಡ್ರಿಪ್ ಕಿತ್ತು ಹಾಕಿ, ಸಿಸ್ಟರ್‌ಗಳಿಗೆ ಕೇಳಬಾರದ ಮಾತು ಬೈದರು. ಗೋಡೆ ತುಂಬ ಹಲ್ಲಿ ಓಡಾಡುತ್ತಿದೆ ಅಂತ ಕೂಗಿದರು. ಕೈ ಕಟ್ಟಿ ಹಾಕಿದರು. ಈಗ ಅವರಿಗೆ ಏನೂ ನೆನಪಿಲ್ಲ. ವಾರ್ಡಿನಲ್ಲಿ "ಗಲಾಟೆ ಪೇಷೆಂಟ್" ಅಂತಲೇ ಹೆಸರಾಗಿದೆ. ಹೊಲಿಗೆ ಬಿಚ್ಚಿಸೋಕೆ ಅಲ್ಲಿಗೇ ಹೋಗಬೇಕು, ನಾಚಿಕೆ ಆಗುತ್ತದೆ. ದಿನಾ ಸಂಜೆ ಒಂದು ಕ್ವಾರ್ಟರ್ ಕುಡಿಯುತ್ತಾರೆ, ಆದರೆ ಯಾರಿಗೂ ಹೀಗೆ ಬೈದವರಲ್ಲ.
— ಕಾಮಾಕ್ಷಿಪಾಳ್ಯದ ಓದುಗರು

ಉತ್ತರ: ಅಮ್ಮಾ, ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ. ದಿನಾ ಕುಡಿಯುವವರಿಗೆ ಥಟ್ಟನೆ ಕುಡಿತ ನಿಂತರೆ ಎರಡು ಮೂರು ದಿನಕ್ಕೆ ಹೀಗಾಗುವುದುಂಟು. ಮೊದಲು ಕೈ ನಡುಗುತ್ತದೆ, ಬೆವರು, ನಿದ್ದೆ ಇಲ್ಲ. ಆಮೇಲೆ ಎಲ್ಲಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ, ಇಲ್ಲದ ಹುಳ ಹುಪ್ಪಟೆ ಕಾಣುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ನೀವು ಹೇಳುವುದು ನೋಡಿದರೆ ಅವತ್ತು ಆಗಿದ್ದು ಇದೇ ಇರಬೇಕು. ಅದು ಅವರ ಗುಣ ಅಲ್ಲ, ಕಾಯಿಲೆ. ಡಾಕ್ಟರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.

ಅಡ್ಮಿಟ್ ಮಾಡುವಾಗ "ಕುಡೀತಾರಾ?" ಎಂದು ಕೇಳಿದರೆ ಹೆಚ್ಚಿನ ಮನೆಯವರು ಹೇಳುವುದು ಒಂದೇ, "ಇಲ್ಲ ಸಾರ್, ಯಾವಾಗ್ಲೋ ಒಂದ್ಸಲ." ದಯವಿಟ್ಟು ಮುಚ್ಚಿಡಬೇಡಿ. ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದಿದ್ದು ಯಾವಾಗ, ಎರಡನ್ನೂ ಹೇಳಿ. ಗೊತ್ತಿದ್ದರೆ ಮೊದಲ ದಿನದಿಂದಲೇ ಅದಕ್ಕೆ ಔಷಧಿ, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಟ್ಟು ನೋಡಿಕೊಳ್ಳುತ್ತಾರೆ. ಯಾರ ಕೈಯನ್ನೂ ಕಟ್ಟುವ ಹೊತ್ತು ಬಾರದೆ ಹೋಗಬಹುದು.

ಇದನ್ನು ಓದುವ ಸಿಸ್ಟರ್‌ಗಳಿಗೂ ಹೇಳುತ್ತೇನೆ. ಕೇಸ್ ಶೀಟ್‌ನಲ್ಲಿ "ಸಹಕರಿಸುತ್ತಿಲ್ಲ" ಎಂದು ಬರೆಯುವುದಕ್ಕೆ ಮುಂಚೆ ಗ್ಲೂಕೋಮೀಟರ್ ತೆಗೆದುಕೊಳ್ಳಿ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದ ಸಕ್ಕರೆ ಕಾಯಿಲೆಯವರು ಕುಡಿದವರ ಹಾಗೆ ಆಡಬಹುದು, ಹೊಡೆಯಲೂಬಹುದು. ಆಕ್ಸಿಜನ್ ನೋಡಿ. ವಯಸ್ಸಾದವರು ಸಂಜೆಯ ಮೇಲೆ ಕೂಗಾಡಿದರೆ ಹೊಟ್ಟೆಯ ಕೆಳಗೆ ಮುಟ್ಟಿ ನೋಡಿ, ಮೂತ್ರ ಕಟ್ಟಿಕೊಂಡಿರಬಹುದು. ಸೋಡಿಯಂ ಕಡಿಮೆಯಾಗಿರಬಹುದು, ಸೋಂಕು ಇರಬಹುದು. ಕಿವಿಯ ಮಿಷನ್, ಕನ್ನಡಕ ಮನೆಯಲ್ಲೇ ಉಳಿದಿದೆಯಾ ಕೇಳಿ. ಕಾಣದೆ, ಕೇಳಿಸದೆ ಇರುವ ಮುದುಕರ ತೋಳನ್ನು ಕತ್ತಲೆಯಲ್ಲಿ ಯಾರೋ ಬಂದು ಹಿಡಿದರೆ ಅವರು ತಳ್ಳದೆ ಇನ್ನೇನು ಮಾಡುತ್ತಾರೆ? "ಗಲಾಟೆ ಪೇಷೆಂಟ್" ಅನ್ನುವ ಹೆಸರು ಒಂದು ಸಲ ಪಾಳಿ ಬದಲಾಗುವಾಗ ಕೊಡುವ ಹ್ಯಾಂಡೋವರ್‌ನಲ್ಲಿ ಸೇರಿದರೆ ಮುಂದಿನ ಪಾಳಿಯವರು ಕಾರಣ ಹುಡುಕುವುದಿಲ್ಲ. ನನಗೆ ತುಂಬ ಸಿಟ್ಟು ತರಿಸುವುದು ಇದೇ.

ಹೊಲಿಗೆ ಬಿಚ್ಚಿಸುವುದಕ್ಕೆ ಧೈರ್ಯವಾಗಿ ಹೋಗಿ. "ಅವತ್ತು ರಾತ್ರಿ ನಿಮಗೆ ತುಂಬ ತೊಂದ್ರೆ ಆಯ್ತು ಸಿಸ್ಟರ್, ಅವರಿಗೆ ಒಂದೂ ನೆನಪಿಲ್ಲ" ಎಂದು ಒಂದು ಮಾತು ಹೇಳಿ, ಸಾಕು. ಮತ್ತೆ ಕುಡಿತ ಶುರುವಾಗಿದ್ದರೆ ಮನೆಯಲ್ಲಿ ನೀವೇ ಒಂದೇ ಸಲ ನಿಲ್ಲಿಸಬೇಡಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಫಿಸಿಯೋಥೆರಪಿಸ್ಟ್. ಒಬ್ಬ ರೋಗಿ ವ್ಯಾಯಾಮ ಮಾಡಿಸುವಾಗ ಬೇಕಂತಲೇ ಮೈ ಮುಟ್ಟುತ್ತಾರೆ, ಅಸಹ್ಯ ಮಾತಾಡುತ್ತಾರೆ. "ದೊಡ್ಡ ಮನುಷ್ಯರು, ಅಡ್ಜಸ್ಟ್ ಮಾಡ್ಕೋ" ಅಂತಾರೆ ಮೇಲಿನವರು.
— ಜೆ.ಪಿ. ನಗರ

ಉತ್ತರ: ಅಡ್ಜಸ್ಟ್ ಮಾಡಿಕೊಳ್ಳಬೇಡಿ. ಹಿಂದಿನ ಪತ್ರದವರ ಗಂಡನಂತೆ ಈ ಮನುಷ್ಯನಿಗೆ ಬುದ್ಧಿ ತಪ್ಪಿಲ್ಲ. "ಕೈ ತೆಗೀರಿ" ಎಂದು ಪಕ್ಕದವರಿಗೂ ಕೇಳುವ ಹಾಗೆ ಹೇಳಿ, ಅವತ್ತಿನ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ, ಹೊರಗಿನಿಂದ ಬಂದವರಿಂದಲೂ ನಿಮ್ಮನ್ನು ಕಾಪಾಡುವುದು ಸಂಸ್ಥೆಯ ಹೊಣೆ. ಹತ್ತು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಬರಹದಲ್ಲಿ ದೂರು ಕೊಡಿ. ಇನ್ನು ಮೇಲೆ ಅವರಿಗೆ ಚಿಕಿತ್ಸೆ ಕೊಡುವುದಾದರೆ ಗಂಡಸು ಥೆರಪಿಸ್ಟ್ ಕೊಡಲಿ, ಅದೂ ಬಾಗಿಲು ತೆರೆದಿಟ್ಟು.

ಪ್ರಶ್ನೆ: ಅಮ್ಮ ಒಂದು ಆಸ್ಪತ್ರೆಯಲ್ಲಿದ್ದಾರೆ. ಸ್ಕ್ಯಾನ್ ಯಾವಾಗ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಸೆಕ್ಯುರಿಟಿಯವರು ನಾಯಿ ಓಡಿಸಿದ ಹಾಗೆ ಓಡಿಸುತ್ತಾರೆ. ಒಂದು ದಿನ ನಾನೂ ಕೂಗಾಡಿದೆ, ಡಾಕ್ಟರ್ ಓಡಿ ಬಂದರು. ಗಲಾಟೆ ಮಾಡದೆ ಆಸ್ಪತ್ರೆಯಲ್ಲಿ ಕೆಲಸ ಆಗಲ್ಲ ಅಂತಾರೆ ಎಲ್ಲರೂ. ನಿಜಾನಾ?
— ಪೀಣ್ಯದ ಓದುಗರು

ಉತ್ತರ: ಕೂಗಿದರೆ ಡಾಕ್ಟರ್ ಒಂದು ಸಲ ಓಡಿ ಬರುತ್ತಾರೆ, ಅದು ನಿಜ. ಆಮೇಲೆ ಏನಾಗುತ್ತದೆ ನೋಡಿ. ನಿಮ್ಮ ಅಮ್ಮನ ಬೆಡ್ ಹತ್ತಿರ ಬರುವಾಗ ಎಲ್ಲರೂ ಮಾತು ಕಡಿಮೆ ಮಾಡುತ್ತಾರೆ. ಬರೆಯಬೇಕಾದ್ದಷ್ಟೇ ಬರೆದು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಹೋಗುತ್ತಾರೆ. "ಅಮ್ಮ, ತಿಂಡಿ ತಿಂದ್ರಾ?" ಎಂದು ನಿಂತು ಕೇಳುವವರು ಇರುವುದಿಲ್ಲ. ನಷ್ಟ ಅಮ್ಮನಿಗೇ. ಅಲ್ಲದೆ ಕೋಪ ಬೀಳುವುದು ಯಾವಾಗಲೂ ಹತ್ತಿರ ಸಿಕ್ಕವರ ಮೇಲೆ. ಸ್ಕ್ಯಾನ್ ಪಟ್ಟಿ ಮಾಡುವವರು ನಿಮ್ಮ ಕೈಗೆ ಸಿಗುವುದಿಲ್ಲ, ಹಿಂದಿನ ದಿನದಿಂದ ನಿದ್ದೆ ಮಾಡದ, ಇನ್ನೂ ಓದುತ್ತಿರುವ ಪಿಜಿ ಡಾಕ್ಟರ್ ಸಿಗುತ್ತಾರೆ.

2019ರಲ್ಲಿ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಆಗಿದ್ದು ನೆನಪಿದೆಯಾ? ಜುಲೈನಲ್ಲಿ ಪೊರೆ ಆಪರೇಷನ್ ಆದ ಹಲವರಿಗೆ ದೃಷ್ಟಿ ಹೋಯಿತು. ಅವರ ನೋವು ಸಣ್ಣದಲ್ಲ, ನ್ಯಾಯ ಕೇಳುವ ಹಕ್ಕು ಅವರಿಗಿತ್ತು. ನವೆಂಬರ್‌ನಲ್ಲಿ ಅವರ ಪರವಾಗಿ ಪ್ರತಿಭಟನೆಗೆ ಹೋದವರಿಗೂ ಕಿರಿಯ ಡಾಕ್ಟರುಗಳಿಗೂ ಗಲಾಟೆಯಾಯಿತು. ಹಲ್ಲೆ ಮಾಡಿದರು ಎಂದು ಡಾಕ್ಟರುಗಳು ಮುಷ್ಕರ ಹೂಡಿದರು, ಓಪಿಡಿಗಳು ನಿಂತವು. ಊರೆಲ್ಲ ಡಾಕ್ಟರುಗಳ ಮುಷ್ಕರದ ಮಾತಾಡಿತು, ಕಣ್ಣು ಹೋದವರ ಮಾತು ಹಿಂದೆ ಬಿತ್ತು.

ಸುಮ್ಮನಿರಿ ಅಂತ ನಾನು ಹೇಳುತ್ತಿಲ್ಲ. ಸರಿಯಾದವರ ಹತ್ತಿರ ಕೇಳಿ. ಮನೆಯಿಂದ ಒಬ್ಬರೇ ಮಾತಾಡಿ. ಬೆಳಗ್ಗೆ ರೌಂಡ್ಸ್ ಹೊತ್ತಿಗೆ ಬೆಡ್ ಪಕ್ಕ ಇರಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. "ಏನಾಗಿದೆ, ಮುಂದೆ ಏನು, ಯಾವಾಗ, ಆಗದಿದ್ದರೆ ಯಾರನ್ನ ಕೇಳಲಿ" ಇಷ್ಟು ಸಾಕು. ಉತ್ತರ ಸಿಗದಿದ್ದರೆ ಇನ್‌ಚಾರ್ಜ್ ಸಿಸ್ಟರ್, ಆಮೇಲೆ ಆರ್‌ಎಂಒ (ರೆಸಿಡೆಂಟ್ ಮೆಡಿಕಲ್ ಆಫೀಸರ್), ಆಮೇಲೆ ಸೂಪರಿಂಟೆಂಡೆಂಟ್. ದೂರನ್ನು ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಆರೋಗ್ಯ ಸಹಾಯವಾಣಿ 104ಕ್ಕೂ ಹೇಳಬಹುದು.

ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆಯಾ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆದರೆ ತುರ್ತು ಅಲ್ಲದ ಕಾಯಿಲೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಕೌಂಟರಿನಲ್ಲಿ ಆಗುವ ಎಷ್ಟೋ ಜಗಳ ಈ ಒಂದು ಚೀಟಿ ಇಲ್ಲದೆ ಆಗುವಂಥದ್ದು. ಕೌಂಟರಿನವರ ಹತ್ತಿರ ವಾದ ಮಾಡುವ ಬದಲು ಆರೋಗ್ಯಮಿತ್ರ ಎಲ್ಲಿದ್ದಾರೆ ಎಂದು ಕೇಳಿ, ಕಾರ್ಡಿನವರಿಗೆ ದಾರಿ ತೋರಿಸುವುದೇ ಅವರ ಕೆಲಸ.

ಖಾಸಗಿ ಆಸ್ಪತ್ರೆಗೆ ಹೋದರೂ ನಿಮಗೆ ಹಕ್ಕುಗಳಿವೆ. ಖಾಸಗಿ ಆಸ್ಪತ್ರೆಗಳ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ, ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯುವಂತಿಲ್ಲ. ಬಿಲ್ ಬಾಕಿ ಅಂತ ಶವ ಇಟ್ಟುಕೊಳ್ಳುವಂತಿಲ್ಲ. ದೂರು ಕೇಳುವುದಕ್ಕೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರ ಇದೆ. ವೈದ್ಯಕೀಯ ದಾಖಲೆ ಬೇಕು ಎಂದು ಬರೆದು ಕೊಟ್ಟರೆ 72 ಗಂಟೆ ಒಳಗೆ ಕೊಡಬೇಕು. ಸೆಕ್ಯುರಿಟಿಯವರ ವರ್ತನೆ ಬಗ್ಗೆಯೂ ಬರೆದು ಕೊಡಿ. ಅದನ್ನು ಸಣ್ಣ ವಿಷಯ ಅಂತ ಬಿಡಬೇಡಿ, ಎಷ್ಟೋ ಜಗಳ ಗೇಟಿನಲ್ಲೇ ಶುರುವಾಗಿ ವಾರ್ಡಿಗೆ ಬರುತ್ತವೆ.

ನಾಳೆ ರೌಂಡ್ಸ್‌ನಲ್ಲಿ ಸ್ಕ್ಯಾನ್ ತಾರೀಕನ್ನೇ ಮೊದಲು ಕೇಳಿ. ಹೇಳಿದ ತಾರೀಕನ್ನು ಕೇಸ್ ಶೀಟ್‌ನಲ್ಲೇ ಬರೆಯಲು ಹೇಳಿ. ಅದಕ್ಕೆ ಮುಂಚೆ ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು ಅಂತಲೂ ಕೇಳಿಕೊಳ್ಳಿ.