ಇಲಿನಾಯ್ ಹೈಸ್ಕೂಲಿನ ಕ್ಲಬ್ಬುಗಳು: 10ನೇ ತರಗತಿಯ ಮಗಳಿಗೆ ಯಾವುದು?

ಅಮೆರಿಕದ ಇಲಿನಾಯ್ ರಾಜ್ಯದ ಹೈಸ್ಕೂಲ್ ಬಗ್ಗೆ ನೀವು ಕೇಳಿದ್ದು ಮೂರು: ಫ್ರಾಟರ್ನಿಟಿ (ಆಯ್ದವರನ್ನಷ್ಟೇ ಸೇರಿಸಿಕೊಳ್ಳುವ ವಿದ್ಯಾರ್ಥಿ ಸಂಘ) ಇರುತ್ತದಾ, ಯಾವ ಕ್ಲಬ್ ಸೇರಿಸಬೇಕು, ಮಗಳೇ ಚೆಸ್ ಕ್ಲಬ್ ಶುರು ಮಾಡಬಹುದಾ.

ಫ್ರಾಟರ್ನಿಟಿ ಚಿಂತೆ ಬಿಡಿ. ಅದು ಕಾಲೇಜಿನ ಸಂಗತಿ. ಇಲಿನಾಯ್ ಸರ್ಕಾರಿ ಶಾಲೆಗಳಲ್ಲಿ ಅಂಥ ಗುಪ್ತ ಸಂಘಗಳಿಗೆ ಕಾನೂನಿನಲ್ಲೇ ನಿಷೇಧವಿದೆ.

ಹಳ್ಳಿಗಾಡಿನ ಶಾಲೆಗಳಲ್ಲಿ ಎಫ್‌ಎಫ್‌ಎ, ಅಂದರೆ ಕೃಷಿ ಕಲಿಯುವ ವಿದ್ಯಾರ್ಥಿಗಳ ಸಂಘ, ದೊಡ್ಡದು. ನೀಲಿ ಕಾರ್ಡುರಾಯ್ ಜಾಕೆಟ್, ಬೆನ್ನ ಮೇಲೆ ರಾಜ್ಯದ ಮತ್ತು ಊರಿನ ಘಟಕದ ಹೆಸರು. ಸೇರಲು ಕೃಷಿ ವಿಷಯದ ಒಂದು ಕ್ಲಾಸ್ ತೆಗೆದುಕೊಂಡಿರಬೇಕು, ಹಾಗಾಗಿ ಕೌನ್ಸೆಲರ್ ಹತ್ತಿರ ಟೈಮ್‌ಟೇಬಲ್ ಹಾಕುವಾಗಲೇ ಹೇಳಿ. ಅಂಕದ ಜೊತೆ ಸೇವೆ, ನಾಯಕತ್ವ, ನಡತೆಯನ್ನೂ ನೋಡುವ ವಿದ್ಯಾರ್ಥಿ ಸಂಘ ನ್ಯಾಷನಲ್ ಆನರ್ ಸೊಸೈಟಿಗೆ ಹೆಸರು ಕೊಟ್ಟರೆ ಸಾಲದು: ಆ ಶಾಲೆಯಲ್ಲಿ ಒಂದು ಸೆಮಿಸ್ಟರ್ ಓದಿರಬೇಕು, ಜಿಪಿಎ (ಎಲ್ಲ ವಿಷಯಗಳ ಗ್ರೇಡಿನ ಸರಾಸರಿ, ಸಾಮಾನ್ಯವಾಗಿ 4ಕ್ಕೆ) ಕನಿಷ್ಠ 3.0 ಬೇಕು (ಶಾಲೆ ಇನ್ನೂ ಹೆಚ್ಚು ಕೇಳಬಹುದು), ಆಮೇಲೆ ಐವರು ಶಿಕ್ಷಕರ ಸಮಿತಿ ಆರಿಸುತ್ತದೆ. ಬರೀ ಅಂಕ ನಂಬಿ ಕೂತವರು ಇಲ್ಲೇ ಎಡವುವುದು. ಸೇವೆ ಮಾಡಿದ ಗಂಟೆಗಳನ್ನು ದಿನಾಂಕ, ಸಹಿ ಸಮೇತ ಈಗಿಂದಲೇ ಬರೆದಿಡಲಿ.

ಚೆಸ್ ಕ್ಲಬ್ಬನ್ನು ಮಗಳೇ ಶುರು ಮಾಡಬಹುದು, ಆದರೆ ಮೊದಲು ಸಲಹೆಗಾರರಾಗಿ ಒಬ್ಬ ಶಿಕ್ಷಕರನ್ನು ಹಿಡಿಯಬೇಕು. ಸಲಹೆಗಾರರಿಲ್ಲದ ಅರ್ಜಿ ಸಾಮಾನ್ಯವಾಗಿ ಪ್ರಿನ್ಸಿಪಾಲರ ಮೇಜು ದಾಟುವುದಿಲ್ಲ. ಜೊತೆಗೆ ಒಂದು ಪುಟದ ನಿಯಮಾವಳಿ, ಆಸಕ್ತರ ಸಹಿ. ಅಮೆರಿಕದ 1984ರ ಈಕ್ವಲ್ ಆಕ್ಸೆಸ್ (ಸಮಾನ ಅವಕಾಶ) ಕಾಯ್ದೆಯ ಪ್ರಕಾರ, ಪಠ್ಯಕ್ಕೆ ಸಂಬಂಧಪಡದ ಒಂದು ಕ್ಲಬ್ಬಿಗೆ ಜಾಗ ಕೊಟ್ಟ ಶಾಲೆ ಇನ್ನೊಂದನ್ನು ಅದರ ಧರ್ಮ, ರಾಜಕೀಯ ವಿಚಾರ ನೋಡಿ ತಡೆಯುವಂತಿಲ್ಲ. ಚೆಸ್‌ಗೆ ಆ ತಕರಾರು ಬರಲಿಕ್ಕಿಲ್ಲ ಬಿಡಿ.

ಕ್ಲಬ್ ಸಾಯುವುದು ಬಸ್ಸಿನಿಂದ. ಶಾಲೆ ಬಿಟ್ಟ ತಕ್ಷಣ ಹಳದಿ ಬಸ್ ಹೊರಟರೆ, ದೂರದ ತೋಟದ ಮನೆಗಳ ಮಕ್ಕಳು ಉಳಿಯುವುದೇ ಇಲ್ಲ. ಊಟದ ಬಿಡುವಿನಲ್ಲಿ 25 ನಿಮಿಷ ಸಿಗುತ್ತದಾ ಕೇಳಿ. ಚಂದಾ ಹಣ ಮಗಳ ಬ್ಯಾಗಿನಲ್ಲಿ ಬೇಡ, ಶಾಲೆಯ ಆ್ಯಕ್ಟಿವಿಟಿ ಖಾತೆಗೇ ಕಟ್ಟಿ ರಸೀದಿ ತೆಗೆದುಕೊಳ್ಳಲಿ.