ಸಬಾರನ್ನು ಬೆಂಕಿಗೆ ಹಿಡಿಯಬೇಡಿ, ಗೂಟ ಹೊಡೆಯುವುದನ್ನು ಕಲಿಯಿರಿ

ಸರ್, ಸೆನೆಗಲ್ ದೇಶದ ರಾಜಧಾನಿ ಡಾಕರ್‌ನಿಂದ ತಂದ ಮ್ಬೆಂಗ್‌ಮ್ಬೆಂಗ್ (ಮರದ ಗೂಟ ಹೊಡೆದು ಚರ್ಮ ಬಿಗಿಯುವ ಸಬಾರ್ ವಾದ್ಯಗಳಲ್ಲಿ ಒಂದು) ಮಳೆಗೆ ಸಡಿಲಾಗಿತ್ತು, ತಮಟೆ ಕಾಯಿಸುವ ಹಾಗೆ ಹುಲ್ಲಿನ ಬೆಂಕಿಗೆ ಹಿಡಿದೆ, ಈಗ ಸೂಪರ್ ನಾದ ಬರುತ್ತಿದೆ ಅಂತ ಬರೆದಿದ್ದೀರಿ. ಕೆಳಗೆ ನಾಲ್ಕು ಜನ ನಾವೂ ಟ್ರೈ ಮಾಡ್ತೀವಿ ಅಂದಿದ್ದಾರೆ. ದಯವಿಟ್ಟು ಯಾರೂ ಮಾಡಬೇಡಿ. ನಿಮ್ಮ ಫೋಟೋದಲ್ಲಿ ಎರಡನೇ ಗೂಟದ ಪಕ್ಕ ಚರ್ಮ ಬಿಳಿಚಿಕೊಂಡಿದೆ ನೋಡಿ. ಅಲ್ಲಿಂದಲೇ ಹರಿಯೋದು.

ಇದನ್ನು ನಾನು ಮಾಡಿ ಅನುಭವಿಸಿದ್ದೇನೆ. ಕೆಲಸದ ಮೇಲೆ ಡಾಕರ್‌ನಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಜುಲೈಯಿಂದ ಅಕ್ಟೋಬರ್ ತನಕ ಮಳೆಗಾಲ. ಮೊದಲ ವರ್ಷ ಆಗಸ್ಟ್‌ನಲ್ಲಿ ನನ್ನ ಸಬಾರ್ ಪೂರ್ತಿ ಮಂಕಾಯಿತು, ಹೊಡೆದರೆ ರಟ್ಟಿನ ಡಬ್ಬ ಬಡಿದ ಹಾಗೆ. ನಮ್ಮೂರ ಹಬ್ಬದಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ಸುತ್ತ ನಿಂತು ಕಾಯಿಸುತ್ತಿದ್ದದ್ದು ನೆನಪಾಯಿತು. ಟೆರೇಸಿನ ಮೇಲೆ ಹಳೇ ಪೇಪರ್ ಹೊತ್ತಿಸಿದೆ. ಹತ್ತೇ ನಿಮಿಷಕ್ಕೆ ಗಂಟೆ ಹೊಡೆದ ಹಾಗೆ ನಾದ ಬಂತು. ಅರ್ಧ ಗಂಟೆ ನುಡಿಸಿದೆ, ಒಳಗೆ ತಂದಿಟ್ಟೆ. ರಾತ್ರಿ ಎರಡು ಗಂಟೆಗೆ ಪಟ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಹುರಿ ಹಾದುಹೋಗುವ ತೂತಿನಿಂದ ಒಂದು ಗೇಣು ಚರ್ಮ ಸೀಳಿತ್ತು. ಅಷ್ಟೇ ಆಗಿದ್ದರೆ ಚರ್ಮ ಬದಲಾಯಿಸಿದರೆ ಮುಗೀತಿತ್ತು. ಬಾಯಿಯ ಹತ್ತಿರ ಮರವೂ ಬಿರುಕು ಬಿಟ್ಟಿತ್ತು, ಎರಡು ಗೂಟ ಕೈಯಲ್ಲಿ ಎಳೆದರೆ ಹೊರಗೆ ಬರುತ್ತಿದ್ದವು. ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ವಾದ್ಯ ಅದು. ಅಲ್ಲಿನವರು ದಿಂಬ್ ಅಂತ ಕರೆಯುವ ಮರ. ಸೀಳಿದ ಮೇಲೆ ಅಂಟು ಹಾಕಿದರೂ ಮೊದಲಿನ ಹಾಗೆ ಆಗಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ತಮಟೆ ಬರೀ ಒಂದು ಬಳೆ. ಶಾಖ ಚರ್ಮಕ್ಕೆ ಎಲ್ಲಾ ಕಡೆ ಒಂದೇ ಸಮ ತಾಗುತ್ತದೆ, ಬಿಗಿತವೂ ಸುತ್ತಲೂ ಸಮ ಇರುತ್ತದೆ. ಆರಿದ ಮೇಲೆ ಸಡಿಲಾದರೆ ಮತ್ತೆ ಕಾಯಿಸುತ್ತಾರೆ. ಸಬಾರ್‌ನಲ್ಲಿ ಇಡೀ ಬಿಗಿತ ಏಳು ಗೂಟದ ಮೇಲೆ ನಿಂತಿದೆ. ಬೆಂಕಿಗೆ ಚರ್ಮ ಕುಗ್ಗಿದಾಗ ಆ ಎಳೆತ ಪೂರ್ತಿ ಹುರಿಯ ತೂತುಗಳಿಗೆ ಹೋಗುತ್ತದೆ. ಅದೇ ಹೊತ್ತಿಗೆ ಮರ ಒಣಗಿ ಗೂಟದ ಹಿಡಿತ ಕಮ್ಮಿಯಾಗುತ್ತದೆ. ಮೇಲೆ ಜಾಸ್ತಿ ಎಳೆತ, ಕೆಳಗೆ ಹಿಡಿತ ಇಲ್ಲ. ನೀವು ನಾದ ಬಂತು ಅಂತ ಖುಷಿಪಡುತ್ತಿರುವಾಗಲೇ ಒಳಗೆ ಹರಿಯೋಕೆ ಶುರುವಾಗಿರುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯ ಗೇವೆಲ್ ಇದ್ದರು. ಗೇವೆಲ್ ಅಂದರೆ ಸೆನೆಗಲ್‌ನ ವೊಲೋಫ್ ಜನರಲ್ಲಿ ತಲೆಮಾರಿನಿಂದ ಹಾಡು, ಹೊಗಳಿಕೆ, ವಾದ್ಯ ನೋಡಿಕೊಂಡು ಬಂದ ಮನೆತನದವರು. ಅವರ ಹತ್ತಿರ ಹೊತ್ತುಕೊಂಡು ಹೋದೆ. ಸೀಳಿದ ಜಾಗದ ಮೇಲೆ ಹೆಬ್ಬೆರಳು ಇಟ್ಟು ಒಂದು ಸಲ ಸವರಿದರು, ನನ್ನ ಮುಖ ನೋಡಿದರು, 'ನ್ದಾಂಕ್ ನ್ದಾಂಕ್' ಅಂದರು. ನಿಧಾನ, ನಿಧಾನ ಅಂತ. ಆಮೇಲೆ ಒಂದು ಇಡೀ ಬೆಳಿಗ್ಗೆ ಕೂರಿಸಿಕೊಂಡು ಗೂಟ ಹೊಡೆಯೋದು ಮಾತ್ರ ಕಲಿಸಿದರು, ನುಡಿಸೋಕೆ ಬಿಡಲೇ ಇಲ್ಲ. ಆ ಕ್ರಮವನ್ನೇ ಇವತ್ತಿಗೂ ಮಾಡುತ್ತೇನೆ.

ಬೆಳಿಗ್ಗೆ ಎಂಟು ಒಂಬತ್ತರ ಎಳೆಬಿಸಿಲಿಗೆ ಚರ್ಮದ ಮುಖ ಓರೆಯಾಗಿ ಬರುವ ಹಾಗೆ ಒರಗಿಸಿಡಿ, ಇಪ್ಪತ್ತು ನಿಮಿಷ ಸಾಕು. ಮಧ್ಯಾಹ್ನದ ಬಿಸಿಲು ಬೇಡ, ಅದೂ ಬೆಂಕಿಯೇ. ಆಮೇಲೆ ಒಂದು ಮರದ ತುಂಡು ತೆಗೆದುಕೊಂಡು ಗೂಟದ ತಲೆಗೆ ಎರಡೇ ಎರಡು ಸಣ್ಣ ಏಟು. ಸುತ್ತಿಗೆ ಬೇಡ, ಕಬ್ಬಿಣ ತಾಗಿದರೆ ಗೂಟದ ತಲೆ ಒಡೆಯುತ್ತದೆ. ಪಕ್ಕದ ಗೂಟಕ್ಕೆ ಹೋಗಬೇಡಿ, ಎದುರುಗಡೆಯದಕ್ಕೆ ಹೋಗಿ. ಏಳು ಬೆಸ ಸಂಖ್ಯೆ ಆದ್ದರಿಂದ ನೇರ ಎದುರು ಸಿಗಲ್ಲ, ಎದುರಿನ ಎರಡರಲ್ಲಿ ಇನ್ನೂ ಹೊಡೆಯದ ಗೂಟಕ್ಕೆ ಹೋಗುತ್ತಾ ಸುತ್ತು ಮುಗಿಸಿ. ಪ್ರತಿ ಸುತ್ತಿಗೂ ಅಂಚಿನಲ್ಲಿ ಬೆರಳು ತಟ್ಟಿ ಕೇಳಿ, ಎಲ್ಲಿ ಮಂಕೋ ಅಲ್ಲಿನ ಗೂಟಕ್ಕೆ ಮಾತ್ರ ಇನ್ನೊಂದು ಏಟು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಚರ್ಮ ತೀರಾ ಒಣಗಿ ಗಡುಸಾಗಿದ್ದರೆ, ನಮ್ಮಲ್ಲಿ ಫೆಬ್ರವರಿ ಮಾರ್ಚ್‌ನಲ್ಲಿ ಹಾಗೇ ಆಗೋದು, ಮೊದಲು ಹಿಂಡಿದ ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿ ಆಮೇಲೆ ಗೂಟ ಹೊಡೆಯಿರಿ. ಒದ್ದೆ ಇರುವಾಗ ನುಡಿಸಬಾರದು. ಮಳೆ ಹಿಡಿದಿದ್ದರೆ ಒದ್ದೆ ಬಟ್ಟೆಯ ಮಾತೇ ಬೇಡ, ಎರಡು ದಿನ ಗಾಳಿಯಾಡುವ ಕೋಣೆಯಲ್ಲಿ ಇಟ್ಟು ಆಮೇಲೆ ಮುಟ್ಟಿ. ಹೇರ್ ಡ್ರೈಯರ್ ಕೂಡ ಬೇಡ, ಗ್ಯಾಸ್ ಒಲೆ ಅಂತೂ ಬೇಡವೇ ಬೇಡ.

ಇದು ತಳ ತೆರೆದಿರುವವಕ್ಕೆ, ಅಂದರೆ ಎತ್ತರದ ನ್ದೇರ್, ನಿಮ್ಮ ಮ್ಬೆಂಗ್‌ಮ್ಬೆಂಗ್, ಗಿಡ್ಡ ತುಂಗುನೆ. ಮಂದ್ರದ ಚೋಲ್‌ಗೆ ತಳ ಮುಚ್ಚಿರುತ್ತದೆ, ಒಳಗೆ ಸೇರಿದ ತೇವ ಬೇಗ ಹೋಗಲ್ಲ. ಅದನ್ನು ನೆಲದ ಮೇಲೆ ಇಡದೆ ಮಣೆ ಮೇಲೆ ಇಡಿ. ಯಾವುದಕ್ಕೂ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಹಳೇ ಪಂಚೆ ಸುತ್ತಿದರೆ ಸಾಕು.

ಇನ್ನೊಬ್ಬರು ಕರಣೆ, ಅಂದರೆ ಮೃದಂಗದ ಚರ್ಮಕ್ಕೆ ಮೆತ್ತುವ ಕಪ್ಪು ಮುದ್ದೆ, ಹಾಕಿದರೆ ಶ್ರುತಿ ನಿಲ್ಲುತ್ತಾ ಅಂತ ಕೇಳಿದ್ದಾರೆ. ಇದು ಮೃದಂಗ ಅಲ್ಲ ಸ್ವಾಮಿ. ಬೋಳು ಮೇಕೆ ಚರ್ಮ ಬೋಳಾಗೇ ಇರಬೇಕು. ಕೊಬ್ಬರಿ ಎಣ್ಣೆ, ಹರಳೆಣ್ಣೆ ಏನೂ ಬೇಡ. ಗೂಟ ಸಡಿಲಾದರೆ ಫೆವಿಕಾಲ್ ಹಾಕಬೇಡಿ. ಫೆವಿಕಾಲ್ ಒಳ್ಳೆಯದೇ, ಆದರೆ ಗೂಟ ಓಡಾಡಬೇಕು, ಅಂಟಿಕೊಂಡರೆ ಮುಂದೆ ಶ್ರುತಿ ಹೇಗೆ ಮಾಡ್ತೀರಿ? ಒಂದು ಎಳೆ ಹತ್ತಿ ಬಟ್ಟೆ ಸುತ್ತಿ ಹೊಡೆಯಿರಿ. ಮರದ ಬಿರುಕಿಗೆ ಮಾತ್ರ ಅರಾಲ್ಡೈಟ್ ಪರವಾಗಿಲ್ಲ. ರೆಮೋ ಕಂಪನಿಯ ಪ್ಲಾಸ್ಟಿಕ್ ಹೆಡ್ ಬರಿಗೈಯಲ್ಲಿ ನುಡಿಸುವ ಜೆಂಬೆಗೆ ಚೆನ್ನಾಗಿದೆ, ಸಬಾರ್‌ಗೆ ಹಾಕೋಕೆ ಹೋಗಬೇಡಿ, ಕೋಲಿನ ಏಟಿಗೆ ಪಾತ್ರೆ ಸದ್ದು ಬರುತ್ತದೆ. ಹೊಸ ಚರ್ಮ ಬೇಕಾದರೆ ತಮಟೆ ಕಟ್ಟುವವರ ಹತ್ತಿರವೇ ಕೇಳಿ, ಸುಣ್ಣಕ್ಕೆ ಹಾಕದ ಚರ್ಮ ಬೇಕು ಅಂತ ಹೇಳಿ. ರಾತ್ರಿ ನೆನೆಹಾಕಿ, ಕಟ್ಟಿ, ಒಣಗಿದ ಮೇಲೆ ಕೂದಲು ಹೆರೆಯೋದು. ನನಗೆ ಸೆವೆನ್ ಓ ಕ್ಲಾಕ್ ಬ್ಲೇಡಿನಷ್ಟು ಹದವಾಗಿ ಬೇರೆ ಯಾವುದೂ ಹೆರೆದಿಲ್ಲ. ಮಡಚಿ ಹಿಡಿಯಬೇಡಿ, ಚಪ್ಪಟೆಯಾಗಿ ಸವರಿ.

ಇನ್ನು ನಿಮ್ಮ ವಿಡಿಯೋ. ಬೇಜಾರು ಮಾಡ್ಕೋಬೇಡಿ, ಹೇಳಲೇಬೇಕು. ಎರಡೂ ಕೈಯಲ್ಲಿ ಜೆಂಬೆ ಥರ ನುಡಿಸುತ್ತಿದ್ದೀರಿ. ಜೆಂಬೆಯಾಗಲಿ ಕೋರಾ ಅನ್ನುವ ತಂತಿವಾದ್ಯವಾಗಲಿ ಪಶ್ಚಿಮ ಆಫ್ರಿಕಾದ ಮಾಂದೆ ಜನರ ವಾದ್ಯ. ವೊಲೋಫರ ತಂತಿವಾದ್ಯ ಖಲಾಮ್, ಚರ್ಮವಾದ್ಯ ಸಬಾರ್ ಮತ್ತು ತಾಮಾ. ಸಬಾರ್‌ಗೆ ಒಂದು ಕೈ ಬರಿಗೈ, ಇನ್ನೊಂದರಲ್ಲಿ ಗಲಾನ್ ಅನ್ನುವ ತೆಳು ಕೋಲು. ಅಂಗೈ ಮಧ್ಯಕ್ಕೆ ಬಿದ್ದರೆ ಗಿನ್, ಅಂಚಿಗೆ ಚಪ್ಪಳಿಸಿದರೆ ಪಖ್, ಕೋಲಿನ ಏಟಿಗೆ ಜಾ. ಕೋಲು ಬಳುಕಬೇಕು. ಅಂಗಡಿಯ ಡ್ರಮ್ ಸ್ಟಿಕ್ ಚರ್ಮ ತಿನ್ನುತ್ತದೆ. ನಾನು ಇಲ್ಲಿ ಹುಣಸೆ ಬರಲು ಸಿಪ್ಪೆ ಹೆರೆದು ನೆರಳಲ್ಲಿ ಒಣಗಿಸಿ ಬಳಸುತ್ತೇನೆ. ಹುಣಸೆಗೆ ವೊಲೋಫಿನಲ್ಲಿ ದಖಾರ್ ಅನ್ನುತ್ತಾರೆ. ಊರಿನ ಹೆಸರು ಅದರಿಂದಲೇ ಬಂತು ಅಂತ ಡಾಕರ್‌ನವರು ಹೇಳೋದುಂಟು.

ಬಾಯಲ್ಲೇ ಲಯದ ಸೊಲ್ಲು ಹೇಳುವ ಕೊನ್ನಕ್ಕೋಲು ಗೊತ್ತಿದ್ದವರಿಗೆ ಇಲ್ಲೊಂದು ಅನುಕೂಲ ಇದೆ. ಸಬಾರ್ ಕಲಿಸುವವರೂ ಮೊದಲು ಬಾಯಲ್ಲೇ ಹೇಳಿಸುತ್ತಾರೆ, ಬಾಯಿಗೆ ಬಂದ ಮೇಲೆ ಕೈ. ಆದರೆ ಆದಿತಾಳ ಹಾಕಿಕೊಂಡು ಲೆಕ್ಕ ಇಡಬೇಡಿ. ನಾನು ಇಟ್ಟೆ, ಆರು ತಿಂಗಳು ಹಾಳಾಯಿತು. ಬೇರೆಯವರು ಏನು ನುಡಿಸುತ್ತಿದ್ದಾರೆ ಅನ್ನೋದನ್ನು ಕೇಳಿ ಅದರ ಸಂದಿಯಲ್ಲಿ ನಿಮ್ಮ ಜಾಗ ಹುಡುಕಬೇಕು. ಮ್ಬೆಂಗ್‌ಮ್ಬೆಂಗ್ ಹಿಡಿದು ಬಿಡದೆ ನುಡಿಸುವ ಆಧಾರದ ನಡೆಗೇ ಮ್ಬಲಾಖ್ ಅಂತ ಹೆಸರು, ಸೆನೆಗಲ್‌ನ ಗಾಯಕ ಯೂಸು ಎನ್‌ಡೂರ್ ಜಗತ್ತಿಗೆಲ್ಲ ಕೇಳಿಸಿದ ಸಂಗೀತಕ್ಕೆ ಆ ಹೆಸರು ಬಂದದ್ದು ಇಲ್ಲಿಂದಲೇ. ಮೊದಲು ಅದು ಗಟ್ಟಿಯಾಗಲಿ. ಬಾಕ್ ಅನ್ನುವ ಉದ್ದದ ಪಂಕ್ತಿಗಳಿಗೆ ಆಮೇಲೆ ಬನ್ನಿ, ಅವುಗಳಲ್ಲಿ ಎಷ್ಟೋ ಮಾತಿನಿಂದ ಹುಟ್ಟಿದವು. ಚೇಬು ಜೆನ್ ಅಂತ ಒಂದು ನಡೆ ಇದೆ, ಅಲ್ಲಿನ ಮೀನು ಅನ್ನದ ಹೆಸರೇ ಅದಕ್ಕೆ. ಆ ಅಡುಗೆಯನ್ನು 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದರು. ಹೆಸರಾಂತ ಸಬಾರ್ ವಾದಕ ದೂದೂ ಎನ್‌ಡಿಯಾಯ್ ರೋಸ್ ಅವರ ವಿಡಿಯೋ ಹುಡುಕಿ ನೋಡಿ. 1930ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡವರು. ನೂರು ಜನರ ಮೇಳವನ್ನು ಒಬ್ಬರೇ ನಿಂತು ನಡೆಸುತ್ತಿದ್ದರು, ಹೆಣ್ಣುಮಕ್ಕಳದ್ದೇ ಒಂದು ಮೇಳವನ್ನೂ ಕಟ್ಟಿದರು. ಅವರ ಕೈಯನ್ನಲ್ಲ, ಕಣ್ಣು ಎಲ್ಲಿದೆ ಅನ್ನೋದನ್ನು ನೋಡಿ. ರಾತ್ರಿ ಬೀದಿಯಲ್ಲಿ ಕುರ್ಚಿ ಸುತ್ತ ಹಾಕಿ ತನ್ನೆಬೇರ್ ಅನ್ನುವ ಸಬಾರ್ ಕುಣಿತದ ಕೂಟ ನಡೆಯುವಾಗಲೂ ಅಷ್ಟೇ, ನುಡಿಸುವವರ ಕಣ್ಣೆಲ್ಲಾ ಕುಣಿಯಲು ಒಳಗೆ ಬಂದ ಹೆಂಗಸಿನ ಮೊಣಕಾಲಿನ ಮೇಲೆ. ಅವಳು ನಿಲ್ಲಿಸುವ ಕ್ಷಣಕ್ಕೆ ನಿಮ್ಮ ಏಟು ಸಿಕ್ಕಲಿಲ್ಲ ಅಂದರೆ ಶ್ರುತಿ ಎಷ್ಟು ಚೆನ್ನಾಗಿದ್ದರೂ ಸುಮ್ನೆ.

ಮುಂದಿನ ಸಲ ತಾಮಾ ತರ್ತೀನಿ ಅಂದಿದ್ದೀರಲ್ವಾ, ಕಂಕುಳಲ್ಲಿ ಅದುಮಿ ಸ್ವರ ಏರಿಳಿಸುವ ಸಣ್ಣ ವಾದ್ಯ. ಕೊಳ್ಳುವಾಗ ಚರ್ಮ ಯಾವುದು ಅಂತ ಕೇಳಿ. ಕೆಲವಕ್ಕೆ ಉಡದ ಜಾತಿಯ ಹಲ್ಲಿಯ ಚರ್ಮ ಹಾಕಿರುತ್ತಾರೆ. ಅದನ್ನು ತರಬೇಡಿ. ನಮ್ಮಲ್ಲಿ ಖಂಜಿರಕ್ಕೆ ಉಡದ ಚರ್ಮ ನಿಂತದ್ದೂ ಕಾನೂನಿನಿಂದಲೇ. ಮೇಕೆಯದ್ದೇ ಕೇಳಿ ತನ್ನಿ.

ಸದ್ಯಕ್ಕೆ ನಿಮ್ಮ ವಾದ್ಯದ ಏಳೂ ಗೂಟಕ್ಕೆ ಹಿಮ್ಮುಖವಾಗಿ ಒಂದೊಂದು ಏಟು ಕೊಟ್ಟು ಸ್ವಲ್ಪ ಸಡಿಲ ಮಾಡಿ, ಇವತ್ತೇ ಮಾಡಿ, ನಾಳೆಗೆ ಬಿಡಬೇಡಿ. ಆಮೇಲೆ ಎರಡನೇ ಗೂಟದ ಹತ್ತಿರದಿಂದ ಒಂದು ಫೋಟೋ ಹಾಕಿ, ಬೆಳಕು ಪಕ್ಕದಿಂದ ಬೀಳಲಿ. ತೂತು ಉದ್ದ ಆಗಿದ್ದರೆ ಹೇಗೆ ಹೊಲಿಗೆ ಹಾಕೋದು ಅಂತ ಹೇಳುತ್ತೇನೆ.